ಎಲೆ, ಬಣ್ಣ, ಕಾಗದ: ನಗರದ ಮನೆಗೊಂದು ನಿಸರ್ಗ ದಿನಚರಿ

ಮುಂಬಯಿಯ ಉಪನಗರವೊಂದರ ವಸತಿ ಕಟ್ಟಡದ ಹೆಬ್ಬಾಗಿಲಿನ ಬಳಿ ಒಂದು ಮರವುಂಟು. ಕಾವಲುಗಾರನಿಗೆ ಅದು ‘ಕರಂಜ್’. ಮೂರನೆಯ ಮಹಡಿಯ ಕನ್ನಡ ಕುಟುಂಬದ ಹತ್ತು ವರ್ಷದ ಹುಡುಗನಿಗೆ ಅದು ಬರಿಯ ‘ಟ್ರೀ’. ಶಾಲೆಯ ಬಸ್ಸು ಅದರ ನೆರಳಿನಲ್ಲಿ ನಿಲ್ಲುತ್ತದೆ ಎಂಬುದಷ್ಟೇ ಅವನಿಗೂ ಅದಕ್ಕೂ ಇದ್ದ ಸಂಬಂಧ. ಅವನ ತಂದೆಯಂತೂ ಹನ್ನೆರಡು ವರ್ಷ ಆ ಮರದ ಕೆಳಗೆ ಹಾದು ಲೋಕಲ್ ರೈಲು ಹಿಡಿದವರೇ ಹೊರತು ತಲೆಯೆತ್ತಿ ನೋಡಿದವರಲ್ಲ. ಒಂದು ಬೇಸಿಗೆಯಲ್ಲಿ ಧಾರವಾಡದಿಂದ ಬಂದ ಅಜ್ಜಿ ರಿಕ್ಷಾದಿಂದ ಇಳಿಯುತ್ತಲೇ ಮೇಲೆ ನೋಡಿ, “ಹೊಂಗಿ ಗಿಡ ಅಲ್ಲೇನೋ ಇದು? ಎಷ್ಟು ಹೂ ಬಿಟ್ಟದ ನೋಡು!” ಎಂದರು. ಅಂದು ಸಂಜೆ ಮೊಮ್ಮಗನ ಹಳೆಯ ಗಣಿತದ ಪುಸ್ತಕದ ಖಾಲಿ ಪುಟವೊಂದರ ಮೇಲೆ ಹೊಂಗೆಯ ಎಲೆಯ ಅಚ್ಚು ಬಿದ್ದಿತು. ಕೆಳಗೆ ಅಜ್ಜಿಯ ಕೈಬರಹದಲ್ಲಿ ಹೆಸರು, ತಾರೀಖು, ಜೊತೆಗೆ ಒಂದು ಸಾಲು: ಇದರ ಬೀಜದ ಎಣ್ಣೆಯಿಂದ ಹಿಂದೆ ದೀಪ ಉರಿಸುತ್ತಿದ್ದರು.

ಎಲೆಯ ಅಚ್ಚು, ಒಣಗಿಸಿದ ಹೂವು, ತೊಗಟೆಯ ಉಜ್ಜುಚಿತ್ರ, ನೀರುಬಣ್ಣ, ಹರಿದ ಕಾಗದದ ಚೂರು, ಕೈಬರಹ ಇವೆಲ್ಲವನ್ನೂ ಒಂದೇ ಪುಟದಲ್ಲಿ ಕೂಡಿಸುವ ಈ ಕಲೆಗೆ ಇಂದು ‘ಮಿಶ್ರ ಮಾಧ್ಯಮ’ ಎಂಬ ದೊಡ್ಡ ಹೆಸರಿದೆ. ಹೆಸರು ಹೊಸದಾದರೂ ಕೆಲಸ ಹಳೆಯದು. ಇದಕ್ಕೆ ಚಿತ್ರಕಲೆಯ ಶಿಕ್ಷಣ ಬೇಕಿಲ್ಲ. ಎಲೆ ತನ್ನ ಚಿತ್ರವನ್ನು ತಾನೇ ಬಿಡಿಸಿಕೊಳ್ಳುತ್ತದೆ. ಬೇಕಾದುದು ಒಂದು ಗಟ್ಟಿ ಕಾಗದದ ಪುಸ್ತಕ, ಸ್ವಲ್ಪ ಬಣ್ಣ, ವಾರಕ್ಕೊಂದು ಗಂಟೆಯ ಬಿಡುವು ಮತ್ತು ಹೆಸರು ಬಲ್ಲ ಒಬ್ಬ ಹಿರಿಯರು. ಕೊನೆಯದೊಂದು ಮಾತ್ರ ಪೇಟೆಯಲ್ಲಿ ದೊರೆಯುವುದಿಲ್ಲ.

ಎಲೆಗೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತುವ ಕ್ರಮ ಶತಮಾನಗಳಷ್ಟು ಹಿಂದಿನದು. ಇಟಲಿಯ ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿಗಳಲ್ಲಿಯೇ ಇಂಥ ಎಲೆಯಚ್ಚೊಂದಿದೆ. ವ್ಯವಹಾರಸ್ಥರಿಗೆ ಇನ್ನೂ ಕುತೂಹಲಕರವಾದ ಸಂಗತಿಯೆಂದರೆ, ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1730ರ ದಶಕದ ಕೊನೆಯ ಭಾಗದಿಂದ ತಾನು ಮುದ್ರಿಸಿದ ಕಾಗದದ ನೋಟುಗಳ ಮೇಲೆ ನಿಜವಾದ ಎಲೆಯ ಅಚ್ಚನ್ನು ಬಳಸಿದನು. ಕೆತ್ತನೆಗಾರನು ಎಷ್ಟೇ ಚತುರನಾದರೂ ಎಲೆಯೊಂದರ ನರಗಳ ಜಾಲವನ್ನು ತದ್ವತ್ತಾಗಿ ನಕಲು ಮಾಡಲಾರನು. ಆದುದರಿಂದ ಖೋಟಾ ನೋಟಿಗೆ ಅದು ತಡೆಯಾಯಿತು. ಒಂದು ಮರದ ಎಲ್ಲ ಎಲೆಗಳೂ ಒಂದೇ ಬಗೆಯವು, ಆದರೆ ಒಂದರಂತೆ ಇನ್ನೊಂದಿಲ್ಲ ಎಂಬ ಸಂಗತಿ ಹಣಕಾಸಿನ ಭದ್ರತೆಗೆ ಆಧಾರವಾದುದು ಸಣ್ಣ ವಿಷಯವಲ್ಲ.

ಕನ್ನಡನಾಡಿನಲ್ಲಿಯೂ ಇದರ ಹೆಜ್ಜೆಗಳುಂಟು. ‘ಮಂಗಳೂರ ಸಮಾಚಾರ’ ಪತ್ರಿಕೆ ಹಾಗೂ ಕಿಟ್ಟೆಲರ ನಿಘಂಟಿನ ಮೂಲಕ ಕನ್ನಡಿಗರಿಗೆ ಪರಿಚಿತವಾದ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1862ರಲ್ಲಿ ಜೆ. ಹುಂಜಿಕರ್ ಎಂಬವರು ‘ನೇಚರ್ಸ್ ಸೆಲ್ಫ್‌ಪ್ರಿಂಟಿಂಗ್’ ಎಂಬ ಗ್ರಂಥವನ್ನು ಹೊರತಂದರು. ನಿಸರ್ಗದ ಸ್ವಯಂಮುದ್ರಣ ಎಂದು ಅದರ ಅರ್ಥ. ದಕ್ಷಿಣ ಭಾರತದ ಉಪಯುಕ್ತ ಹಾಗೂ ಅಲಂಕಾರದ ಗಿಡಗಳನ್ನು ಹಸಿಯಾಗಿರುವಾಗಲೇ ಅಚ್ಚೊತ್ತಿ, ಅವುಗಳದೇ ಬಣ್ಣದಲ್ಲಿ ಮುದ್ರಿಸಿದ ಪುಟಗಳು ಅದರಲ್ಲಿವೆ. ಮಂಗಳೂರಿನ ಬೇಲಿಯ ಗಿಡಗಳು ತಾವೇ ಕಾಗದದ ಮೇಲೆ ಮೈಚಾಚಿದ ಆ ಪುಸ್ತಕಕ್ಕೂ ಇಂದಿನ ನಿಸರ್ಗ ದಿನಚರಿಗೂ ಇರುವ ಅಂತರ ಮುದ್ರಣಯಂತ್ರದ್ದು ಮಾತ್ರ.

ಹೊರನಾಡ ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಡಾ. ಬಿ.ಜಿ.ಎಲ್. ಸ್ವಾಮಿಯವರದು. ಡಿ.ವಿ. ಗುಂಡಪ್ಪನವರ ಪುತ್ರರಾದ ಇವರು ಮದರಾಸಿನ, ಅಂದರೆ ಇಂದಿನ ಚೆನ್ನೈಯ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ವಿದ್ಯಾರ್ಥಿಗಳೊಡನೆ ಕಾಡುಮೇಡು ಸುತ್ತಿ ಕಂಡ ಗಿಡಗಳನ್ನು ಕುರಿತು ‘ಹಸುರು ಹೊನ್ನು’ ಬರೆದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಕೃತಿಯ ರೇಖಾಚಿತ್ರಗಳೂ ಅವರ ಕೈಯವೇ. ಗಿಡದ ಹೆಸರು, ಚಿತ್ರ, ಅದನ್ನು ಕಂಡ ದಿನದ ಹರಟೆ, ಸಹಪ್ರಯಾಣಿಕರ ತಮಾಷೆ ಎಲ್ಲವೂ ಒಂದೇ ಕಡೆ ಬೆರೆತಿರುವ ಆ ಪುಸ್ತಕಕ್ಕಿಂತ ಒಳ್ಳೆಯ ಮಾದರಿ ನಿಸರ್ಗ ದಿನಚರಿಗೆ ಸಿಗಲಾರದು.

ಇನ್ನು ವಿಧಾನದ ಮಾತು. ಮೊದಲಿಗೆ ಎಲೆಯ ಆಯ್ಕೆ. ಹಿಂಬದಿಯಲ್ಲಿ ನರಗಳು ಉಬ್ಬಿ ನಿಂತಿರುವ ಎಲೆಗಳು ಅಚ್ಚಿಗೆ ಒಳ್ಳೆಯವು: ಅತ್ತಿ, ಮುತ್ತುಗ, ತೇಗ, ದಾಸವಾಳ. ತೀರ ದಪ್ಪ ಅಥವಾ ಮೇಣದಂಥ ಹೊಳಪುಳ್ಳ ಎಲೆಗಳ ಮೇಲೆ ಬಣ್ಣ ಜಾರುತ್ತದೆ. ಎಲೆ ಹಸಿಯಾಗಿರಬೇಕು, ಒದ್ದೆಯಾಗಿರಬಾರದು. ಮಳೆಯಲ್ಲಿ ನೆನೆದುದನ್ನು ಬಟ್ಟೆಯಿಂದ ಒರಸಿ ಅರ್ಧ ಗಂಟೆ ದಪ್ಪ ಪುಸ್ತಕದೊಳಗೆ ಇಟ್ಟರೆ ಮಟ್ಟಸವಾಗುತ್ತದೆ. ಬಳಿಕ ಎಲೆಯ ಹಿಂಬದಿಗೆ ಕುಂಚದಿಂದಲೋ ಸ್ಪಂಜಿನ ಚೂರಿನಿಂದಲೋ ಪೋಸ್ಟರ್ ಬಣ್ಣವನ್ನು ತೆಳ್ಳಗೆ ಹಚ್ಚಿ, ಬಣ್ಣದ ಬದಿಯನ್ನು ಪುಟದ ಮೇಲೆ ಮೆಲ್ಲನೆ ಇರಿಸಿ, ಮೇಲೊಂದು ವೃತ್ತಪತ್ರಿಕೆಯ ಹಾಳೆ ಹೊದಿಸಿ, ಹೆಬ್ಬೆರಳಿನಿಂದ ಅಥವಾ ಚಮಚದ ಬೆನ್ನಿನಿಂದ ನಡುನರದಿಂದ ಅಂಚಿನ ಕಡೆಗೆ ಉಜ್ಜಬೇಕು. ಹಾಳೆಯನ್ನು ತೆಗೆದು, ತೊಟ್ಟನ್ನು ಹಿಡಿದು ಎಲೆಯನ್ನು ನೇರವಾಗಿ ಮೇಲೆತ್ತಬೇಕು. ಎಳೆದರೆ ಅಚ್ಚು ಕದಡುತ್ತದೆ.

ಮೊದಲ ಅಚ್ಚು ಸಾಮಾನ್ಯವಾಗಿ ಬಣ್ಣ ಹೆಚ್ಚಾಗಿ ಕಲೆಗಟ್ಟಿರುತ್ತದೆ. ಆಗ ಮತ್ತೆ ಬಣ್ಣ ಹಚ್ಚದೆ ಅದೇ ಎಲೆಯನ್ನು ಇನ್ನೊಂದು ಪುಟದಲ್ಲಿ ಒತ್ತಿದರೆ ಕೂದಲೆಳೆಯಂಥ ನರಗಳೂ ಮೂಡುವುದುಂಟು. ಹೊಸಬರು ಈ ಎರಡನೆಯ ಅಚ್ಚಿನ ಗುಟ್ಟನ್ನು ತಿಳಿಯದೆ, ಮೊದಲನೆಯದನ್ನು ಕಂಡು ಬೇಸತ್ತು ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಕಚೇರಿಯ ಮೊಹರಿನ ಶಾಯಿಯೂ ಈ ಕೆಲಸಕ್ಕೆ ಬರುತ್ತದೆ, ಆದರೆ ಅದರ ನೇರಳೆ ಬಣ್ಣ ವರ್ಷಗಳು ಕಳೆದಂತೆ ಮಸುಕಾಗುತ್ತದೆ.

ತೊಗಟೆಗೆ ಅಚ್ಚಿಗಿಂತ ಉಜ್ಜುಚಿತ್ರವೇ ಲೇಸು. ತೆಳುವಾದ ಕಾಗದವನ್ನು ಮರಕ್ಕೆ ಒತ್ತಿಹಿಡಿದು ಮೇಣದ ಬಣ್ಣದ ಕಡ್ಡಿಯನ್ನು ಅಡ್ಡಲಾಗಿ ಉಜ್ಜಿದರೆ, ಕಣ್ಣಿಗೆ ಬರಿಯ ಒರಟಾಗಿ ಕಂಡ ತೊಗಟೆಯಲ್ಲಿ ಎಂಥ ವಿನ್ಯಾಸ ಅಡಗಿತ್ತೆಂಬುದು ಗೊತ್ತಾಗುತ್ತದೆ. ಅರಳಿಯ ಎಲೆಯನ್ನು ಮೂರು ನಾಲ್ಕು ವಾರ ನೀರಿನಲ್ಲಿ ನೆನೆಹಾಕಿ, ಕೆಲವು ದಿನಗಳಿಗೊಮ್ಮೆ ನೀರು ಬದಲಿಸಿ, ಕೊಳೆತ ಹಸಿರು ಭಾಗವನ್ನು ಮೆತ್ತನೆಯ ಬ್ರಶ್ಶಿನಿಂದ ತೊಳೆದರೆ ಬಲೆಯಂಥ ನರಗಳು ಮಾತ್ರ ಉಳಿಯುತ್ತವೆ. ಆ ಬಲೆಯ ಮೇಲೆ ಚಿತ್ರ ಬರೆಯುವುದು ನಮ್ಮಲ್ಲಿ ಹಿಂದಿನಿಂದ ಬಂದ ಕಸುಬು. ಅದರ ವಾಸನೆ ಮಾತ್ರ ಸಹಿಸುವಂಥದಲ್ಲ. ಒತ್ತೊತ್ತಾದ ಮನೆಗಳ ನಗರದಲ್ಲಿ ನೆರೆಯವರೊಡನೆ ಒಳ್ಳೆಯ ಸಂಬಂಧವಿರುವವರು ಮಾತ್ರ ಬಾಲ್ಕನಿಯಲ್ಲಿ ಈ ಪ್ರಯೋಗಕ್ಕೆ ಕೈಹಾಕುವುದು ಕ್ಷೇಮ.

ಒಂದೇ ಪುಟದಲ್ಲಿ ಹಲವು ಸಾಮಗ್ರಿಗಳು ಸೇರುವಾಗ ಅನುಕ್ರಮ ಮುಖ್ಯ. ನೀರಿನಂಶವುಳ್ಳದ್ದು ಮೊದಲು, ಒಣದ್ದು ಆಮೇಲೆ. ಚಹದ ಡಿಕಾಕ್ಷನ್ನನ್ನೋ ತೆಳು ನೀರುಬಣ್ಣವನ್ನೋ ಪುಟಕ್ಕೆ ಬಳಿದು, ಅದು ಪೂರ್ಣ ಒಣಗಿದ ಬಳಿಕ ಕಾಗದದ ಚೂರುಗಳನ್ನು ಅಂಟಿಸಬೇಕು. ಊರಿಗೆ ಹೋಗಿಬಂದ ಬಸ್ಸಿನ ಟಿಕೀಟು, ಹಳೆಯ ಪಂಚಾಂಗದ ಹಾಳೆ, ಲಗ್ನಪತ್ರಿಕೆಯ ಅಂಚು, ಏನಾದರೂ ಆದೀತು. ಅದರ ಮೇಲೆ ಎಲೆಯಚ್ಚು, ಅನಂತರ ಪೆನ್ಸಿಲ್, ಎಲ್ಲಕ್ಕೂ ಕೊನೆಗೆ ಬರಹ. ಮೇಣದ ಕಡ್ಡಿಯಿಂದ ಬರೆದ ಮೇಲೆ ನೀರುಬಣ್ಣ ಹಚ್ಚಿದರೆ ಮೇಣವಿದ್ದಲ್ಲಿ ನೀರು ನಿಲ್ಲದೆ ಗೆರೆಗಳು ಬಿಳಿಯಾಗಿಯೇ ಉಳಿಯುತ್ತವೆ. ಇದು ದೋಷವಲ್ಲ, ಬೇಕೆಂದೇ ಬಳಸಬಹುದಾದ ಉಪಾಯ. ಮಳೆಯ ಹನಿಗಳನ್ನು ಹೀಗೆ ಬಹು ಸುಲಭವಾಗಿ ಮೂಡಿಸಬಹುದು.

ಬಣ್ಣಗಳ ವಿಷಯದಲ್ಲಿ ಅಡುಗೆಮನೆಯೇ ಪ್ರಯೋಗಶಾಲೆ. ಅರಿಸಿನದ ನೀರು ಹಳದಿ; ಅದಕ್ಕೆ ಸುಣ್ಣ ತಾಗಿದರೆ ಕೆಂಪು. ಆರತಿಯ ಓಕುಳಿಯನ್ನು ಕಲಸುವ ಪ್ರತಿ ಗೃಹಿಣಿಗೂ ಈ ರಸಾಯನಶಾಸ್ತ್ರ ಗೊತ್ತು. ಕೆಂಪು ದಾಸವಾಳದ ಎಸಳನ್ನು ಕಾಗದಕ್ಕೆ ಉಜ್ಜಿದರೆ ನೇರಳೆ ಛಾಯೆ ಬರುತ್ತದೆ. ಅದರ ಮೇಲೆ ನಿಂಬೆರಸದ ಹನಿ ಬಿದ್ದರೆ ಕೆಂಪಾಗುತ್ತದೆ, ಅಡುಗೆ ಸೋಡಾದ ನೀರು ಬಿದ್ದರೆ ಹಸಿರಿಗೆ ತಿರುಗುತ್ತದೆ. ಮಕ್ಕಳಿಗೆ ಆಮ್ಲ ಕ್ಷಾರಗಳ ಪಾಠವನ್ನು ಇದಕ್ಕಿಂತ ಸರಳವಾಗಿ ಹೇಳಲಾಗದು. ಅಳಲೆಕಾಯಿಯ ಕಷಾಯದಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ನೆನೆಹಾಕಿದರೆ ಕಾಯಿಯ ಒಗರು ಕಬ್ಬಿಣದೊಡನೆ ಕೂಡಿ ಕಪ್ಪು ಶಾಯಿಯಾಗುತ್ತದೆ. ಮುಂಬಯಿ, ಪುಣೆಗಳ ಗಿಡಮೂಲಿಕೆಯ ಅಂಗಡಿಗಳಲ್ಲಿ ಇದನ್ನು ‘ಹಿರಡಾ’ ಎಂದು ಕೇಳಬೇಕು.

ಆದರೆ ಹೂವಿನ, ಬೇರಿನ ಬಣ್ಣಗಳು ಬೆಳಕಿಗೆ ನಿಲ್ಲುವುದಿಲ್ಲ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಅರಿಸಿನದ ಹಳದಿ ಅತಿ ಶೀಘ್ರವಾಗಿ ಸವಕಳಿಯಾಗುವ ಆಸ್ತಿ. ಬಿಸಿಲು ಬೀಳುವ ಗೋಡೆಯ ಮೇಲಿಟ್ಟರೆ ಕೆಲವೇ ದಿನಗಳಲ್ಲಿ ಪುಸ್ತಕದಿಂದ ತೆಗೆದುಹಾಕಬೇಕಾದೀತು. ಮಣ್ಣಿನ ಬಣ್ಣಗಳು ಹಾಗಲ್ಲ. ಊರಿನಿಂದ ತಂದ ಹಿಡಿ ಕೆಮ್ಮಣ್ಣನ್ನು ನೀರಿನಲ್ಲಿ ಕಲಕಿ, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಕುಳಿತ ನುಣುಪು ಮಣ್ಣನ್ನು ಒಣಗಿಸಿ, ಗೋಂದಿನ ನೀರಿನಲ್ಲಿ ಅರೆದಿಟ್ಟುಕೊಂಡರೆ ಆ ಬಣ್ಣ ಮಾಸುವುದಿಲ್ಲ. ಮಹಾರಾಷ್ಟ್ರದಲ್ಲಿ ಕೆಮ್ಮಣ್ಣಿಗೆ ‘ಗೇರು’ ಎನ್ನುತ್ತಾರೆ. ಗೇರು ಎಂದರೆ ಗೋಡಂಬಿಯ ಮರವೆಂದೇ ತಿಳಿದ ಕರಾವಳಿಯವರು ಅಂಗಡಿಯಲ್ಲಿ ಗೊಂದಲಪಡದಿರಲಿ.

ಕಾಗದ ಅಗ್ಗದ್ದಾದರೆ ಕೆಲವು ವರ್ಷಗಳಲ್ಲಿ ಹಳದಿಯಾಗಿ ಮುರಿಯುತ್ತದೆ. ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದ ಉತ್ತಮ. ಪುಣೆಯಲ್ಲಿ 1940ರಲ್ಲಿಯೇ ಕೈಕಾಗದದ ಸಂಸ್ಥೆಯೊಂದು ಆರಂಭವಾಗಿತ್ತು. ಅದು ದೊರೆಯದಿದ್ದರೆ ದಪ್ಪ ಹಾಳೆಯ ಲೆಡ್ಜರ್ ಪುಸ್ತಕವೂ ಸಾಕು. ಇಂದು ಅಂಗಡಿಗಳಲ್ಲಿ ಸಿದ್ಧ ಹೂಬಳ್ಳಿಯ ಚಿತ್ರಗಳನ್ನು ಅಂಟಿಸಿ ‘ನಿಸರ್ಗ ಪುಸ್ತಕ’ ತಯಾರಿಸುವ ಪೆಟ್ಟಿಗೆಗಳು ಮಾರಾಟಕ್ಕಿವೆ. ಅವು ಅಂದವಾಗಿವೆ ನಿಜ, ಆದರೆ ಯಾವ ದೇಶದ ಯಾವ ಹೂವೋ ತಿಳಿಯದು. ಅಂಥ ಹತ್ತು ಪುಟಗಳಿಗಿಂತ ಕಟ್ಟಡದ ಹೆಬ್ಬಾಗಿಲಿನ ಮರದ ಒಂದು ಕಲೆಗಟ್ಟಿದ ಅಚ್ಚು ಮೇಲು.

ಪುಟದ ಬರಹದಲ್ಲಿ ತಾರೀಖು, ಸ್ಥಳ, ಹವೆ, ಗಿಡದ ಕನ್ನಡದ ಹೆಸರು, ಇರುವ ನಗರದ ಹೆಸರು, ಹೆಸರು ಹೇಳಿದವರು ಯಾರು ಎಂಬುದು ಇದ್ದರೆ ಸಾಕು. ಪುಸ್ತಕಗಳಿಂದ ನಕಲು ಮಾಡಬಾರದು, ಕಂಡದ್ದನ್ನೇ ಬರೆಯಬೇಕು. ಹೇಳಿದವರ ಬಾಯಿಮಾತಿನಲ್ಲಿಯೇ ಹೆಸರನ್ನು ದಾಖಲಿಸುವುದು ಒಳ್ಳೆಯದು. ಮೈಸೂರಿನವರ ‘ಹೊಂಗೆ ಮರ’ ಧಾರವಾಡದವರಿಗೆ ‘ಹೊಂಗಿ ಗಿಡ’, ಎರಡನ್ನೂ ತಿದ್ದಬೇಕಾಗಿಲ್ಲ.

ನಗರ ಬದಲಾದಂತೆ ಮರ ಹೆಸರು ಬದಲಿಸುತ್ತದೆ. ಕನ್ನಡದ ಕಕ್ಕೆ ಮುಂಬಯಿಯಲ್ಲಿ ಬಹಾವಾ, ದೆಹಲಿಯಲ್ಲಿ ಅಮಲ್ತಾಸ್, ಚೆನ್ನೈಯಲ್ಲಿ ಕೊನ್ರೈ, ಹೈದರಾಬಾದಿನಲ್ಲಿ ರೇಲ. ಅತ್ತಿಯು ಮಹಾರಾಷ್ಟ್ರದಲ್ಲಿ ಉಂಬರ, ದೆಹಲಿಯಲ್ಲಿ ಗೂಲರ್, ತೆಲುಗಿನಲ್ಲಿ ಮೇಡಿ, ತಮಿಳಿನಲ್ಲಿ ಮಾತ್ರ ನಮ್ಮಂತೆಯೇ ಅತ್ತಿ. ಮಹಾರಾಷ್ಟ್ರ ತನ್ನ ರಾಜ್ಯಪುಷ್ಪವೆಂದು ಗೌರವಿಸುವ ತಾಮ್ಹಣ ನಮ್ಮ ಹೊಳೆದಾಸವಾಳವೇ ಎಂದು ತಿಳಿದಾಗ ಎಷ್ಟೋ ಜನರಿಗೆ ಆಶ್ಚರ್ಯವಾಗುತ್ತದೆ. ವಿಜಯದಶಮಿಯಂದು ಉತ್ತರ ಕರ್ನಾಟಕದವರು ಬಂಗಾರವೆಂದು ಹಂಚುವುದು ಬನ್ನಿಯನ್ನು; ಮುಂಬಯಿ, ಪುಣೆಗಳಲ್ಲಿ ಸೋನವೆಂದು ಕೈಗೆ ಬರುವುದು ಆಪಟಾ ಎಲೆ. ಒಂದರಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡ ಕಿರುಎಲೆಗಳ ಸಾಲು, ಇನ್ನೊಂದು ಜೋಡಿ ಗೊರಸಿನಂತೆ ಸೀಳಿದ ಎಲೆ. ಇವೆರಡರ ಅಚ್ಚನ್ನು ಎದುರುಬದುರಾಗಿ ಒತ್ತಿದ ಪುಟವೊಂದು ಎರಡು ನಾಡುಗಳ ನಡುವೆ ಬೆಳೆಯುವ ಮಗುವಿಗೆ ತನ್ನ ವಿಳಾಸವನ್ನು ತಿಳಿಸಿದಂತೆ.

ಧಾರವಾಡದ ಆ ಅಜ್ಜಿ ಮೂರು ತಿಂಗಳು ಇದ್ದು ಮಳೆ ಹಿಡಿದ ಮೇಲೆ ಊರಿಗೆ ಹೊರಟಾಗ ಪುಸ್ತಕದಲ್ಲಿ ಮೂವತ್ತೊಂದು ಪುಟಗಳು ತುಂಬಿದ್ದವು. ಎರಡು ಅಚ್ಚುಗಳಿಗೆ ಹೆಸರಿರಲಿಲ್ಲ; ಶಾಲೆಯ ಹಿಂದಿನ ಮರಗಳವು, ಅಲ್ಲಿಯವರೆಗೆ ಅಜ್ಜಿಗೆ ನಡೆದು ಹೋಗಲಾಗಿರಲಿಲ್ಲ. “ಊರಾಗ ಯಾರನ್ನಾರ ಕೇಳಿ ಹೇಳ್ತೀನಿ” ಎಂದು ಹೋದರು. ಹುಡುಗನು ಫೋನಿನಲ್ಲಿ ಚಿತ್ರ ಕಳುಹಿಸಿದನು. ಒಂದಕ್ಕೆ ಉತ್ತರ ಬಂತು: ಬಿಲ್ವಾರ. ಇನ್ನೊಂದಕ್ಕೆ, ಹಣ್ಣು ನೋಡದೆ ಹೇಳಲಾಗದು, ಹಣ್ಣು ಬಿಟ್ಟಾಗ ತೋರಿಸು ಎಂದರು. ದೀಪಾವಳಿಗೆ ಮುನ್ನವೇ ಅಜ್ಜಿ ತೀರಿಕೊಂಡರು. ಮರುವರ್ಷ ಆ ಮರ ಹಣ್ಣು ಬಿಟ್ಟಿತು. ಶಾಲೆಯ ಮಾಲಿ ಮರಾಠಿಯ ಹೆಸರನ್ನು ಹೇಳಿದನು, ಹುಡುಗ ಅದನ್ನು ಬರೆದುಕೊಂಡನು. ಕನ್ನಡದ ಹೆಸರಿನ ಜಾಗ ಖಾಲಿಯಿದೆ. ಹೊರನಾಡಿನ ಮನೆಗಳಿಗೆ ಊರಿನಿಂದ ಬಂದುಹೋಗುವ ಹಿರಿಯರೊಡನೆ ಎಷ್ಟು ಹೆಸರುಗಳು ಹೀಗೆ ಹೋಗುತ್ತಿವೆಯೋ. ಮೊಬೈಲಿನಲ್ಲಿ ಎಲೆಯ ಚಿತ್ರ ತೋರಿಸಿದರೆ ಲ್ಯಾಟಿನ್ ಹೆಸರು ಈಗ ಕ್ಷಣದಲ್ಲಿ ದೊರೆಯುತ್ತದೆ. ಆ ಹೆಸರಿನ ಕೆಳಗೆ ದೀಪದ ಎಣ್ಣೆಯ ಸಾಲು ಇರುವುದಿಲ್ಲ. ಆದುದರಿಂದ ರಜೆಗೆ ಬರುವ ಅಜ್ಜ ಅಜ್ಜಿಯರನ್ನು ದೂರದರ್ಶನದ ಮುಂದೆ ಕೂರಿಸುವ ಬದಲು ವಾರಕ್ಕೊಮ್ಮೆ ಉದ್ಯಾನಕ್ಕೆ ಕರೆದೊಯ್ಯುವುದು ಲೇಸು. ಮುಂಬಯಿಯವರಿಗೆ ಭಾಯಖಳಾದ ರಾಣಿಬಾಗ್, ಮಾಟುಂಗದ ಫೈವ್ ಗಾರ್ಡನ್ಸ್. ಪುಣೆಯವರಿಗೆ ಎಂಪ್ರೆಸ್ ಗಾರ್ಡನ್. ದೆಹಲಿಯವರಿಗೆ ಲೋಧಿ ಉದ್ಯಾನ.

ಆರೋಗ್ಯದ ದೃಷ್ಟಿಯಿಂದಲೂ ಈ ಹವ್ಯಾಸಕ್ಕೆ ಬೆಲೆಯುಂಟು, ಅದನ್ನು ಉತ್ಪ್ರೇಕ್ಷಿಸಬೇಕಾಗಿಲ್ಲ. ದಿನವೂ ಹೊರಗಿನ ಬೆಳಕಿನಲ್ಲಿ ಕಾಲ ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ಉಂಟಾಗುವ ಸಂಭವ ಕಡಿಮೆಯೆಂದು ನೇತ್ರವೈದ್ಯರು ಕಂಡುಕೊಂಡಿದ್ದಾರೆ. ದಿನವಿಡೀ ಅಂಕಿಗಳ ಮೇಲೆ ಕಣ್ಣು ನೆಟ್ಟವರಿಗೆ ಸಂಜೆ ಮರದ ತುದಿಯನ್ನು ನೋಡುವುದೇ ಒಂದು ವಿಶ್ರಾಂತಿ. ನಿವೃತ್ತರಿಗೆ ನಡಿಗೆಗೊಂದು ನೆಪ, ಬೆರಳುಗಳಿಗೆ ಹಗುರಾದ ಕೆಲಸ.

ಎಚ್ಚರಿಕೆಯ ಮಾತುಗಳು ಇದಕ್ಕಿಂತ ಮುಖ್ಯ. ಎಕ್ಕದ ಹಾಲು ಮತ್ತು ಕಳ್ಳಿಯ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ತಾಗಿದ ಕೂಡಲೇ ಶುದ್ಧ ನೀರಿನಿಂದ ಹದಿನೈದು ನಿಮಿಷವಾದರೂ ತೊಳೆದು, ತಡಮಾಡದೆ ನೇತ್ರವೈದ್ಯರ ಬಳಿಗೆ ಹೋಗತಕ್ಕದ್ದು. ಕಣಗಿಲೆಯ ಎಲ್ಲ ಭಾಗಗಳೂ ವಿಷ, ಉಮ್ಮತ್ತಿಯೂ ಅಂತೆಯೇ. ಕೆಂಪು ಕಪ್ಪಿನ ಗುಲಗಂಜಿಯು ಪುಟಕ್ಕೆ ಅಂಟಿಸಲು ಚೆಲುವಾಗಿ ಕಂಡರೂ ಅದರ ಬೀಜ ಜಗಿದವರ ಪ್ರಾಣಕ್ಕೆ ಕುತ್ತು. ಚಿಕ್ಕ ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಮುಟ್ಟಿದರೆ ಹಲವರಿಗೆ ಚರ್ಮದ ತುರಿಕೆ, ಉಬ್ಬಸ ಕಾಣಿಸಿಕೊಳ್ಳುತ್ತದೆ. ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಹುಳು ಹಿಡಿಯದಂತೆ ಸೇರಿಸುವ ಮೈಲುತುತ್ತವೂ ವಿಷವೇ ಆದುದರಿಂದ ಮಕ್ಕಳ ಕೈಗೆ ಬಿಳಿಯ ಸಿದ್ಧ ಅಂಟನ್ನು ಕೊಡುವುದು ಮೇಲು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈತೊಳೆಯುವುದನ್ನು ಆಟದ ಒಂದು ಭಾಗವನ್ನಾಗಿಯೇ ಮಾಡಬೇಕು. ಉದ್ಯಾನಗಳಲ್ಲಿ ಉದುರಿದ ಎಲೆಯನ್ನಷ್ಟೇ ಆರಿಸಬೇಕು. ಬೋರಿವಲಿಯ ರಾಷ್ಟ್ರೀಯ ಉದ್ಯಾನದಂಥ ರಕ್ಷಿತ ಪ್ರದೇಶಗಳಿಂದ ಗಿಡ ಕಿತ್ತು ತರುವುದು ಕಾನೂನಿನಂತೆ ಅಪರಾಧ.

ಎಲೆ ಹೂವುಗಳನ್ನೇ ಅಂಟಿಸುವುದಾದರೆ ಮೊದಲು ವೃತ್ತಪತ್ರಿಕೆಯ ಹಾಳೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿ, ಮೊದಲ ನಾಲ್ಕಾರು ದಿನ ನಿತ್ಯವೂ ಹಾಳೆ ಬದಲಿಸುತ್ತ ಒಂದೆರಡು ವಾರ ಒಣಗಿಸಬೇಕು. ಅರೆ ಒಣಗಿದ ಎಲೆ ಜುಲೈ ತಿಂಗಳ ಮುಂಬಯಿಯಲ್ಲಿ ಇಡೀ ಪುಸ್ತಕಕ್ಕೆ ಬೂಷ್ಟು ತರುತ್ತದೆ. ಮಳೆಗಾಲದಲ್ಲಿ ಪುಸ್ತಕವನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿಡದೆ ಒಳಕೋಣೆಯಲ್ಲಿ, ಹಳೆಯ ಹತ್ತಿಯ ಸೀರೆಯ ತುಂಡಿನಲ್ಲಿ ಸುತ್ತಿಡುವುದು ವಾಸಿ. ತಾಳೆಗರಿಗಳ ಕಟ್ಟಿನಲ್ಲಿ ಹಿಂದಿನವರು ಇಡುತ್ತಿದ್ದಂತೆ ಬಜೆಯ ತುಂಡನ್ನೋ ಒಣಗಿದ ಬೇವಿನ ಎಲೆಯನ್ನೋ ಜೊತೆಗಿಟ್ಟರೆ ಹುಳುವಿನ ಕಾಟ ತಗ್ಗುತ್ತದೆ. ಅಕ್ಟೋಬರಿನ ಸೆಕೆ ಬಂದಾಗ ಒಂದು ದಿನ ಪುಟಗಳನ್ನು ಬಿಡಿಸಿ ಗಾಳಿಗಿಡಬೇಕು, ಆದರೆ ನೆರಳಿನಲ್ಲಿ. ಬಿಸಿಲಿಗಿಟ್ಟರೆ ಅರಿಸಿನ ಹೋಗುತ್ತದೆ.